ಪಕ್ಕದ ಮನೆಯವರ ವೋಟು

ಮೊನ್ನೆ ಊರಿಂದ ಗೆಳೆಯ ವಾಟ್ಸಾಪ್ ಮಾಡಿದ್ದ: ‘ನಿಮ್ಮ ಓಹಿಯೊದವ್ರು ಮೂರು ಸಲಾನೂ ಟ್ರಂಪ್‌ಗೇ ವೋಟ್ ಹಾಕಿದ್ದಾರಲ್ಲೋ, ಅಂಥವ್ರ ಮಧ್ಯೆ ಹೆಂಗಿರ್ತೀಯ?’

ಅದಕ್ಕೆ ಉತ್ತರ ಕೊಡ್ಬೇಕು ಅಂದ್ರೆ ನನ್ನ ಪಕ್ಕದ ಮನೆಯವರ ಬಗ್ಗೆ ಹೇಳಬೇಕು.

ನಾನಿರೋದು ಓಹಿಯೊ ರಾಜ್ಯದ ಕೊಲಂಬಸ್‌ನಲ್ಲಿ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಒಂದಷ್ಟು ವರ್ಷ ಕೋಡ್ ಬರೆದು, ಎಚ್1ಬಿ ವೀಸಾದಲ್ಲಿ ಇಲ್ಲಿಗೆ ಬಂದವನು. ಇಲ್ಲಿ ನನಗೆ ತೆರಿಗೆ ಇದೆ, ವೋಟಿಲ್ಲ. ಪಕ್ಕದ ಮನೆಯವರಿಗೆ 67 ವರ್ಷ, ರಿಟೈರ್ ಆದ ಎಲೆಕ್ಟ್ರಿಷಿಯನ್. ಚುನಾವಣೆ ಬಂತೆಂದರೆ ಅವರ ಮನೆ ಮುಂದಿನ ಹುಲ್ಲಿನ ಮೇಲೆ ರಿಪಬ್ಲಿಕನ್ ಅಭ್ಯರ್ಥಿಯ ಬೋರ್ಡು ಗ್ಯಾರಂಟಿ. ಆ ಬೋರ್ಡು ನೋಡಿಯೇ ಮೊದಲ ಒಂದು ವರ್ಷ ನಾನು ‘ಹಾಯ್’ಗಿಂತ ಮುಂದೆ ಹೋಗಿರಲಿಲ್ಲ.

ಒಂದು ಚಳಿಗಾಲದ ರಾತ್ರಿ ನಮ್ಮನೆ ಅರ್ಧ ಭಾಗ ಕರೆಂಟ್ ಹೋಯಿತು. ಟಾರ್ಚ್ ಹಿಡಿದು ಅವರೇ ಬಂದರು. ಸರಿ ಮಾಡಿ, ಕಾಫಿ ಕುಡಿಯುತ್ತಾ ಕೂತಾಗ ತಮ್ಮ ಊರಿನ ಕಥೆ ಹೇಳಿದರು.

ಅವರದು ಇದೇ ರಾಜ್ಯದ ಯಂಗ್ಸ್‌ಟೌನ್, ಉಕ್ಕಿನ ಊರು. 1977ರ ಸೆಪ್ಟೆಂಬರ್ 19, ಸೋಮವಾರ. ಅಲ್ಲಿನ ದೊಡ್ಡ ಕಾರ್ಖಾನೆಯೊಂದು ಬಾಗಿಲು ಹಾಕುತ್ತೇವೆ ಅಂತ ಘೋಷಿಸಿತು. ಸುಮಾರು 5,000 ಜನರ ಕೆಲಸ ಹೋಯಿತು. ಊರಿನವರು ಇವತ್ತಿಗೂ ಅದನ್ನು ‘ಕಪ್ಪು ಸೋಮವಾರ’ ಅಂತಾರೆ. ಅವರ ಅಪ್ಪ ಆ 5,000 ಜನರಲ್ಲಿ ಒಬ್ಬರು. ಯೂನಿಯನ್ ಮನುಷ್ಯ, ಸಾಯೋವರೆಗೂ ಡೆಮಾಕ್ರಟಿಕ್ ಪಕ್ಷ ಬಿಡಲಿಲ್ಲವಂತೆ. ಮಗ 1980ರಲ್ಲಿ ರೇಗನ್‌ಗೆ ವೋಟ್ ಹಾಕಿ ಮನೆಯಲ್ಲಿ ಬೈಸಿಕೊಂಡವರು.

ಕೇಳುತ್ತಾ ನನಗೆ ನಮ್ಮಜ್ಜ ನೆನಪಾದರು. ಅವರೂ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದವರು. ಗಿರಣಿ ನಿಂತ ಮೇಲೂ ಬೆಳಗ್ಗೆ ಸೈರನ್ ಹೊತ್ತಿಗೆ ಎದ್ದು ಕೂರುತ್ತಿದ್ದರು.

ಆಮೇಲೆ ನಮ್ಮಿಬ್ಬರ ಮಾತು ಶುರುವಾಯಿತು. ಅವರ ನಿಲುವು ನೇರ: ವಾಷಿಂಗ್ಟನ್ ಆದಷ್ಟು ಚಿಕ್ಕದಾಗಿರಬೇಕು, ತೆರಿಗೆ ಕಡಿಮೆ ಇರಬೇಕು. ಸಂವಿಧಾನದ 10ನೇ ತಿದ್ದುಪಡಿ ಹೇಳೋ ಹಾಗೆ, ಕೇಂದ್ರಕ್ಕೆ ಕೊಡದ ಅಧಿಕಾರ ರಾಜ್ಯಕ್ಕೆ ಇಲ್ಲವೇ ಜನರಿಗೆ ಸೇರಿದ್ದು. ಬಂದೂಕಿನ ಹಕ್ಕಿನ ವಿಷಯಕ್ಕೆ ಯಾರೂ ಬರಬಾರದು. ಈ ಕೊನೆಯದ್ದರಲ್ಲಿ ನಮಗೆ ಇಂದಿಗೂ ಹೊಂದಿಲ್ಲ.

ಆದರೆ ತಮ್ಮ ಪಕ್ಷ ಮಾಡಿದ್ದೆಲ್ಲ ಸರಿ ಅಂತ ಅವರು ಹೇಳಿದ್ದನ್ನು ನಾನು ಕೇಳಿಲ್ಲ. ಮೆಕ್ಸಿಕೊ, ಕೆನಡಾ ಜೊತೆಗಿನ ನಾಫ್ಟಾ ವ್ಯಾಪಾರ ಒಪ್ಪಂದವನ್ನೇ ತಗೊಳ್ಳಿ. ಕೆಲಸಗಳು ಗಡಿಯಾಚೆ ಹೋದವು ಅನ್ನೋದು ಅವರ ಸಿಟ್ಟು. ಅದಕ್ಕೆ ಕಾನೂನಿನ ಸಹಿ ಹಾಕಿದ್ದು ಡೆಮಾಕ್ರಟ್ ಕ್ಲಿಂಟನ್. ಆದರೆ 1993ರಲ್ಲಿ ಕೆಳಮನೆಯಲ್ಲಿ ಪರವಾಗಿ ಬಿದ್ದ ವೋಟುಗಳಲ್ಲಿ ರಿಪಬ್ಲಿಕನ್ನರದು 132, ಡೆಮಾಕ್ರಟರದು 102. ‘ನಮ್ಮವರೇ ಜಾಸ್ತಿ’ ಅಂತ ಅವರೇ ಲೆಕ್ಕ ಹೇಳಿದರು. ಸಾಲದ ವಿಷಯದಲ್ಲೂ ಅಷ್ಟೇ. ದೇಶದ ಸಾಲ 2025ರ ಆಗಸ್ಟ್‌ನಲ್ಲಿ 37 ಟ್ರಿಲಿಯನ್ ಡಾಲರ್ ದಾಟಿದಾಗ ಅವರು ಬೈದಿದ್ದು ಎರಡೂ ಪಕ್ಷಗಳನ್ನು.

‘ಹಾಗಾದ್ರೆ ಬೇರೆಯವರಿಗೆ ಹಾಕಬಹುದಲ್ವಾ?’ ಅಂದೆ.

‘ಹಾಕಿದ್ದೆ’ ಅಂದರು. 1992ರಲ್ಲಿ ನಾಫ್ಟಾ ವಿರೋಧಿಸಿ ಪಕ್ಷೇತರನಾಗಿ ನಿಂತ ರಾಸ್ ಪೆರೊಗೆ. ದೇಶದಲ್ಲಿ ಸುಮಾರು 19 ಶೇಕಡಾ ಜನ ಅವರಿಗೆ ವೋಟ್ ಹಾಕಿದ್ದರು. ಆದರೆ ಇಲ್ಲಿ ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ಮೊದಲು ಬಂದವರಿಗೇ ಆ ರಾಜ್ಯದ ಎಲ್ಲ ಎಲೆಕ್ಟೋರಲ್ ವೋಟು. ಒಟ್ಟು 538ರಲ್ಲಿ ಪೆರೊಗೆ ಸಿಕ್ಕಿದ್ದು ಸೊನ್ನೆ. ‘ಅಂಗಡಿಯಲ್ಲಿ ಎರಡೇ ಚಪ್ಪಲಿ ಇದ್ರೆ, ಕಡಿಮೆ ಕಚ್ಚೋದನ್ನ ತಗೋತೀನಿ’ ಅಂದರು.

ಇನ್ನು ನನ್ನದೇ ವಿಷಯ. 2025ರ ಸೆಪ್ಟೆಂಬರ್ 19, ಶುಕ್ರವಾರ. ಹೌದು, ಮತ್ತೆ ಅದೇ ತಾರೀಖು. ಹೊಸ ಎಚ್1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಅಧ್ಯಕ್ಷರ ಘೋಷಣೆ ಹೊರಬಿತ್ತು, ಭಾನುವಾರದಿಂದಲೇ ಜಾರಿ. ಹಳೇ ವೀಸಾದವರಿಗೂ ಅನ್ವಯಿಸುತ್ತಾ ಅನ್ನೋದು ಆ ರಾತ್ರಿ ಯಾರಿಗೂ ಗೊತ್ತಿರಲಿಲ್ಲ. ನವರಾತ್ರಿಗೆ ಅಂತ ಶನಿವಾರಕ್ಕೆ ಊರಿನ ಟಿಕೆಟ್ ಮಾಡಿಸಿದ್ದೆ. ‘ದೇಶ ಬಿಟ್ಟು ಹೋಗಬೇಡಿ’ ಅಂತ ಕಂಪನಿಯಿಂದ ಮೇಲ್ ಬಂತು. ಟಿಕೆಟ್ ಕ್ಯಾನ್ಸಲ್ ಮಾಡಿ ಅಮ್ಮನಿಗೆ ಫೋನ್ ಮಾಡಿದೆ. ‘ಆಯ್ತು ಬಿಡಪ್ಪ, ಮುಂದಿನ ವರ್ಷ ಬಾ’ ಅಂದು ಬೇಗ ಇಟ್ಟುಬಿಟ್ಟರು. ಹಳಬರಿಗೆ ಅನ್ವಯಿಸಲ್ಲ ಅನ್ನೋ ಸ್ಪಷ್ಟನೆ ಬಂದಿದ್ದು ಮರುದಿನ.

ಶನಿವಾರ ಬೆಳಗ್ಗೆ ಅವರು ಹುಲ್ಲು ಕತ್ತರಿಸುತ್ತಿದ್ದರು. ಬೇಲಿ ಹತ್ತಿರ ಹೋಗಿ ಸಿಟ್ಟಿನಲ್ಲೇ ಕೇಳಿದೆ, ‘ಇದಕ್ಕೇನಾ ನೀವು ವೋಟ್ ಹಾಕಿದ್ದು?’

ಮಷೀನ್ ಆಫ್ ಮಾಡಿದರು. ‘ಸುಳ್ಳು ಹೇಳಲ್ಲ. ಕಂಪನಿಗಳು ಮೊದಲು ಇಲ್ಲಿಯವರಿಗೆ ಕೆಲಸ ಕೊಡ್ಲಿ ಅನ್ನೋದು ನನ್ನ ಅಭಿಪ್ರಾಯ. ಆದ್ರೆ ಶುಕ್ರವಾರ ಹೇಳಿ ಭಾನುವಾರ ಜಾರಿ ಮಾಡೋದು ತಪ್ಪು. ಒಬಾಮ ಆದೇಶಗಳಲ್ಲೇ ಆಡಳಿತ ಮಾಡ್ತಾರೆ ಅಂತ ಬೈದವನು ನಾನು. ನಮ್ಮವರು ಮಾಡಿದ್ರೆ ಸರಿಯಾಗುತ್ತಾ? ಕಾನೂನು ಮಾಡೋದು ಕಾಂಗ್ರೆಸ್ಸಿನ ಕೆಲಸ.’ ಇದನ್ನೇ ಬರೆದು ತಮ್ಮ ಸಂಸದರಿಗೆ ಇಮೇಲ್ ಕಳಿಸಿದೆ ಅಂತ ಸಂಜೆ ಬಂದು ತೋರಿಸಿದರು.

ಆ ಇಮೇಲ್‌ನಿಂದ ಏನೂ ಬದಲಾಗಲಿಲ್ಲ. ಅವರ ಮೊದಲ ಮಾತು ನನಗೆ ಈಗಲೂ ಚುಚ್ಚುತ್ತದೆ. ಆದರೆ ನಮ್ಮಜ್ಜನ ಗಿರಣಿ ಮುಚ್ಚಿದಾಗ, ಮೊದಲು ಊರವರಿಗೆ ಕೆಲಸ ಕೊಡಿ ಅಂತ ನಮ್ಮ ಮನೆಯಲ್ಲೂ ಅಂದಿರಬಹುದು.

ಗೆಳೆಯನಿಗೆ ಇಷ್ಟೇ ಬರೆದೆ: ‘ಜಗಳ ಆಡ್ಕೊಂಡು ಇರ್ತೀನಿ ಕಣೋ. ನನಗೆ ವೋಟಿಲ್ಲ. ವೋಟಿರೋರ ಹತ್ರ ಮಾತು ಬಿಟ್ರೆ, ನನ್ನ ಕಡೆಯದ್ದನ್ನ ಅವ್ರಿಗೆ ಹೇಳೋರು ಯಾರು?’