ಬ್ಯಾಂಕುಗಳು ಹುಟ್ಟಿದ ಊರಲ್ಲಿ ಕೆಲಸಕ್ಕೆ ಕಾಯುವವರು

ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ್ದು 1906ರಲ್ಲಿ. 1925ರಲ್ಲಿ ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವರು ಇನ್ನೊಂದನ್ನು ಆರಂಭಿಸಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕಾಗಿ ಮಣಿಪಾಲದಲ್ಲಿ ನೆಲೆಯೂರಿತು. ಆ ಬ್ಯಾಂಕಿನ 1928ರ ಪಿಗ್ಮಿ ಯೋಜನೆಯಲ್ಲಿ ಮೀನು ಮಾರುವವರೂ ದಿನಕ್ಕೆ ಎರಡಾಣೆ ಉಳಿಸಬಹುದಿತ್ತು. ಮನೆಮನೆಗೆ ಹೋಗಿ ಆ ಹಣ ಒಟ್ಟುಮಾಡುವುದೇ ಎಷ್ಟೋ ಹುಡುಗರಿಗೆ ದುಡಿಮೆಯಾಯಿತು.

ಬಿ.ಕಾಂ ಮುಗಿಸಿದ ಮಗ ಬ್ಯಾಂಕಿಗೆ ಸೇರಿದನೆಂದರೆ ಮನೆ ದಡ ಸೇರಿದಂತೆ. ಅದು ದಕ್ಕದವರಿಗೆ ಮುಂಬೈಯ ಹೋಟೆಲು, ರಾತ್ರಿಶಾಲೆ, ಆಮೇಲೆ ಗಲ್ಫ್. 1974ರ ಭೂಸುಧಾರಣೆಯಿಂದ ಗದ್ದೆಯ ಒಡೆಯರಾದ ಗೇಣಿದಾರರು ಮಕ್ಕಳನ್ನು ಶಾಲೆಗೆ ಕಳಿಸಿದರು. ಕಾರ್ಕಳದ ಕಡೆ ಅಮ್ಮಂದಿರು ಬೀಡಿ ಕಟ್ಟಿ ಮಕ್ಕಳ ಫೀಸು ತುಂಬಿದರು. ಪಾಲಾಗಿ ಉಳಿದ ತುಂಡು ಗದ್ದೆ ಸಂಸಾರವನ್ನು ಸಾಕಲಾರದೆಂದು ಅವರಿಗೆ ಗೊತ್ತಿತ್ತು.

ಕಾಲೇಜುಗಳೇನೋ ಬೆಳೆದವು. ಮಣಿಪಾಲದಲ್ಲಿ 1957ರಲ್ಲಿ, ನಿಟ್ಟೆಯಲ್ಲಿ 1986ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ಆದರೆ ಆ ಓದಿಗೆ ತಕ್ಕ ಕೆಲಸ ಬೆಂಗಳೂರಿನಲ್ಲಿತ್ತು. ಬ್ಯಾಂಕುಗಳು 1969 ಮತ್ತು 1980ರಲ್ಲಿ ರಾಷ್ಟ್ರೀಕರಣಗೊಂಡ ಮೇಲೆ ನೇಮಕಾತಿ ಊರಿನ ಕೈತಪ್ಪಿತು. ಅದು ನ್ಯಾಯವೇ, ಆದರೆ ಇಲ್ಲಿನವರಿಗೆ ಅದರ ಬದಲಿಗೆ ಬೇರೆ ದಾರಿ ತೆರೆಯಲಿಲ್ಲ. 2020ರ ಏಪ್ರಿಲ್ 1ರಂದು ವಿಲೀನದಿಂದಾಗಿ ಈ ಎರಡೂ ಬ್ಯಾಂಕುಗಳ ಹೆಸರೇ ಅಳಿಸಿಹೋಯಿತು.

ಈಗ ಒಂದೇ ಊರಿನಲ್ಲಿ ಎರಡು ದೂರು ಕೇಳಿಸುತ್ತವೆ: ಕೆಲಸ ಇಲ್ಲ, ಕೆಲಸಕ್ಕೆ ಜನ ಇಲ್ಲ. ಕಾಪು ಕಡೆಯ ಗದ್ದೆಗಳು ಹಡಿಲು ಬಿದ್ದಿವೆ. ಮಲ್ಪೆಯ ಬೋಟುಗಳಲ್ಲಿ ಒಡಿಶಾದವರು, ಮಣಿಪಾಲದ ಕಟ್ಟಡಗಳಲ್ಲಿ ಬಾಗಲಕೋಟೆ, ಗದಗದವರು ದುಡಿಯುತ್ತಾರೆ. ಪದವಿ ಮುಗಿಸಿದವನು ಮದುವೆಮನೆಗೆ ಹೋಗಲು ಹಿಂಜರಿಯುತ್ತಾನೆ, ಅಲ್ಲಿ ಎಲ್ಲರೂ ಕೇಳುವುದು, “ಈಗ ಎಂತ ಮಾಡ್ತಿದ್ದಿ?” ಊರಲ್ಲೇ ಉಳಿದವನಿಗೆ ಹೆಣ್ಣು ಸಿಗುವುದು ಕಷ್ಟ. ಹೊರಟುಹೋದವನ ಮನೆಯಲ್ಲಿ ವಯಸ್ಸಾದ ಅಪ್ಪ-ಅಮ್ಮ ಇಬ್ಬರೇ. ಈ ಮಕ್ಕಳನ್ನು ಸೋಮಾರಿಗಳೆನ್ನುವುದು ಅನ್ಯಾಯ. ಓದಿದರೆ ಸಂಬಳದ ಕೆಲಸ ಸಿಗುತ್ತದೆಂದು ಮಾತು ಕೊಟ್ಟವರು ನಾವು.

ಉತ್ತರ ಹುಡುಕಿದವರೂ ಇಲ್ಲಿಯವರೇ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್, ಕೆನರಾ ಬ್ಯಾಂಕುಗಳ ಜೊತೆಗೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭಿಸಿದರು. ಊಟ, ವಸತಿ ಕೊಟ್ಟು ಉಚಿತವಾಗಿ ಸ್ವಉದ್ಯೋಗ ಕಲಿಸುವ ಈ ಮಾದರಿಯನ್ನು ಕೇಂದ್ರ ಸರ್ಕಾರವೂ ದೇಶಕ್ಕೆಲ್ಲ ಹಬ್ಬಿಸಿತು. ಬ್ರಹ್ಮಾವರದಲ್ಲೂ ಅದರ ಕೇಂದ್ರವಿದೆ. ಆದರೆ ತರಬೇತಿಯ ಬಳಿಕ ಬೇಕಾಗುವುದು ಬಂಡವಾಳ. ಕರಾವಳಿಯ ಬಡವರ ಉಳಿತಾಯದಿಂದ ಬೆಳೆದ ಬ್ಯಾಂಕುಗಳು ಇಂದು ಯಾವ ಹೆಸರಿನಲ್ಲೇ ಇರಲಿ, ಈ ಮಕ್ಕಳ ಸಾಲದ ಅರ್ಜಿಯನ್ನು ಮೊದಲು ಕೈಗೆತ್ತಿಕೊಳ್ಳಬೇಕು.