ಜಂತಿಯ ತಲೆ ಗಟ್ಟಿ ಇದೆಯೇ?

ಸಂಜೆ ದುರ್ಗದಬೈಲಿನಲ್ಲಿ ಗಿರಮಿಟ್ಟು, ಮಿರ್ಚಿ ತಿನ್ನಲು ನಿಂತವರ ಕಣ್ಣು ಅಂಗಡಿಗಳ ಫಲಕದಿಂದ ಮೇಲಕ್ಕೆ ಹೋಗುವುದು ಅಪರೂಪ. ಸುತ್ತಲಿನ ಓಣಿಗಳಲ್ಲಿ ಒಮ್ಮೆ ತಲೆ ಎತ್ತಿ ನೋಡಿದರೆ, ಕಾಂಕ್ರೀಟು ಕಟ್ಟಡಗಳ ಸಂದಿಯಲ್ಲಿ ಕುಂಬಿಯ ಮೇಲೆ ಅರಳಿ ಸಸಿ ಹೊತ್ತ ಹಳೆಯ ಮಾಳಿಗೆ ಮನೆ ಕಂಡೀತು. ಸವಣೂರ ನವಾಬ ಮಜೀದ್ ಖಾನನ ಅಪ್ಪಣೆ ಪಡೆದು 1727ರಲ್ಲಿ ವರ್ತಕ ಬಸಪ್ಪ ಶೆಟ್ಟರು ಕೋಟೆಯ ಸುತ್ತ ಕಟ್ಟಿಸಿದ ಹೊಸ ಹುಬ್ಬಳ್ಳಿಯ ಜಾಗವಿದು. ಆ ಕಾಲದ ಮನೆಗಳು ಇಂದು ಸಿಗಲಾರವು. ಕಂಬ, ತೊಲೆ, ಜಂತಿ, ಮೇಲೆ ಮಣ್ಣು ಎಂಬ ಕಟ್ಟುವ ಕ್ರಮ ಮಾತ್ರ ಬಹುಕಾಲ ನಡೆದುಬಂತು. ಕೆಳಗೆ ಅಂಗಡಿ, ಮೇಲೆ ಸಂಸಾರ.

ಇಂಥ ಮಾಳಿಗೆಗೂ ಸಮುದ್ರದ ಹಾಯಿದೋಣಿಯ ಡೆಕ್ಕಿಗೂ ರೋಗ ಒಂದೇ ಎಂದರೆ ಹುಬ್ಬಳ್ಳಿಯವರು ನಕ್ಕಾರು. ಆದರೆ ಮಾತು ನಿಜ. 1960ರ ದಶಕದಿಂದೀಚೆಗೆ ಬಂದ ಅನೇಕ ಸಣ್ಣ ಫೈಬರ್ ದೋಣಿಗಳ ಡೆಕ್ಕಿನಲ್ಲಿ ಎರಡು ಗಟ್ಟಿ ಪದರಗಳ ನಡುವೆ ಹಗುರವಾದ ಬಾಲ್ಸಾ ಕಟ್ಟಿಗೆ ಇರುತ್ತದೆ. ಸ್ಕ್ರೂ ಹಾಕಿದ ತೂತಿನಿಂದ ನೀರು ಇಳಿದು ಒಳಗಿನ ಕಟ್ಟಿಗೆ ಕೊಳೆಯುತ್ತದೆ. ಮೇಲೆ ಬಣ್ಣ ಹಾಗೆಯೇ ಹೊಳೆಯುತ್ತಿರುತ್ತದೆ. ಕಾಲಿಟ್ಟಾಗ ಮೆತ್ತಗಾದರೆ ಮಾತ್ರ ಗುಟ್ಟು ರಟ್ಟು. ಅಲ್ಲಿನವರು ಸಣ್ಣ ಸುತ್ತಿಗೆಯಿಂದ ಅಡಿ ಅಡಿಗೂ ತಟ್ಟುತ್ತ, ಮಂದ ಸದ್ದು ಬಂದಲ್ಲಿ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. ನಮ್ಮ ಬಡಿಗರು ಮಾಡುವುದೂ ಅದನ್ನೇ.

ಜಂತಿ ಕೊಳೆಯುವುದು ನಡುವಿನಲ್ಲಿ ಅಲ್ಲ, ತಲೆಯಲ್ಲಿ. ಅಂದರೆ ಗೋಡೆಯೊಳಗೆ ಹೂತ ತುದಿಯಲ್ಲಿ. ಕಟ್ಟಿಗೆಯ ನಾರು ತುದಿಯಿಂದಲೇ ಹೆಚ್ಚು ನೀರು ಹೀರುತ್ತದೆ. ಕುಂಬಿ ಬಿರಿದಿದ್ದರೆ, ನೀರು ಹೊರಹಾಕುವ ಕೊಳವೆಯಲ್ಲಿ ಕಸ ಕಟ್ಟಿದ್ದರೆ, ಮಳೆನೀರು ನೇರ ಅಲ್ಲಿಗೇ ಇಳಿಯುತ್ತದೆ. ಗಾಳಿ ಇಲ್ಲ, ಬೆಳಕಿಲ್ಲ. ಬೂಷ್ಟಿಗೂ ಗೆದ್ದಲಿಗೂ ಹಬ್ಬ. ಆದ್ದರಿಂದ ನೋಡುವವರು ಮೊದಲು ಗೋಡೆಯ ಮಗ್ಗುಲನ್ನೇ ನೋಡಬೇಕು. ಕಂದು ಕಲೆ, ಬಿಳಿ ಉಪ್ಪು, ಗೆದ್ದಲಿನ ಮಣ್ಣುಗೆರೆ, ನೆಲಕ್ಕೆ ಉದುರಿದ ಹಿಟ್ಟು ಇವೆಲ್ಲ ಸೂಚನೆ. ಸುತ್ತಿಗೆಯಿಂದ ತಟ್ಟಿದಾಗ ಟಣ್ ಎಂದರೆ ಸರಿ, ಬದ್ ಎಂದರೆ ದಬ್ಬಣ ಚುಚ್ಚಬೇಕು. ದಬ್ಬಣ ಸಲೀಸಾಗಿ ಒಳಗೆ ಹೋಯಿತೋ, ಅಲ್ಲಿ ಕಟ್ಟಿಗೆ ಇಲ್ಲ, ಕಟ್ಟಿಗೆಯ ವೇಷ ಇದೆ. ಒಂದು ತುದಿಯಿಂದ ಇನ್ನೊಂದಕ್ಕೆ ದಾರ ಬಿಗಿದರೆ ಜಂತಿ ಎಷ್ಟು ಬಾಗಿದೆ ಎಂಬುದೂ ತಿಳಿಯುತ್ತದೆ. ಹಳೆಯ ಬಾಗು ಅಷ್ಟು ಭಯದ್ದಲ್ಲ. ತಿಂಗಳು ಬಿಟ್ಟು ಅಳೆದಾಗ ಹೆಚ್ಚಿದ್ದರೆ ಮನೆ ಖಾಲಿ ಮಾಡುವುದು ಲೇಸು.

ಒಂದಿಂಚು ಕೊಳೆತರೆ ಏನು ಮಹಾ ಎನ್ನುವವರಿದ್ದಾರೆ. ಜಂತಿಯ ಬಲ ಅದರ ಎತ್ತರದ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ನಾಲ್ಕಿಂಚಿನದು ಮೂರಾದರೆ ಬಲ ಮುಕ್ಕಾಲಾಗುವುದಿಲ್ಲ, ಅರ್ಧಕ್ಕಿಂತ ತುಸು ಹೆಚ್ಚು ಉಳಿಯುತ್ತದೆ, ಅಷ್ಟೆ.

ಇತ್ತ ಭಾರ ಏರುತ್ತಲೇ ಇರುತ್ತದೆ. ಸೋರಿದಾಗಲೆಲ್ಲ ಹಳೆಯದನ್ನು ತೆಗೆಯದೆ ಮೇಲೆ ಹೊಸ ಮಣ್ಣು ಹಾಕುವುದು ರೂಢಿ. ಹತ್ತು ಹನ್ನೆರಡು ಅಡಿಯ ಒಂದು ಕೋಣೆಗೆ ಎರಡಿಂಚು ಮಣ್ಣೆಂದರೆ 20 ಘನ ಅಡಿ, ಹತ್ತಿರ ಹತ್ತಿರ ಒಂದು ಟನ್ನು! ಇದರ ಮೇಲೆ ನೀರಿನ ಟಾಕಿ ಬೇರೆ. ಇನ್ನು ಕೆಲವರು ಸೋರಿಕೆಗೆ ಮದ್ದೆಂದು ಸಿಮೆಂಟು ಬಳಿಸುತ್ತಾರೆ. ಮಣ್ಣು ಹಿಗ್ಗಿ ಕುಗ್ಗುತ್ತದೆ, ಸಿಮೆಂಟು ಬಿರಿಯುತ್ತದೆ. ಬಿರುಕಿನಿಂದ ಒಳಗಿಳಿದ ನೀರಿಗೆ ಆರಿ ಹೋಗಲು ದಾರಿ ಇಲ್ಲ. ಮಾಳಿಗೆಗೆ ಇದಕ್ಕಿಂತ ಕೆಟ್ಟ ಉಪಕಾರ ಇರಲಾರದು.

ರಿಪೇರಿಯಲ್ಲಿ ಮೊದಲ ಕೆಲಸ ಜಂತಿಗೆ ಕೈ ಹಚ್ಚುವುದಲ್ಲ, ಟೇಕು ಕೊಡುವುದು. ಕೆಳಗೆ ಹಲಗೆ ಹಾಸಿ, ಗೋಡೆಯಿಂದ ಎರಡಡಿ ಈಚೆಗೆ ಕಂಬ ನಿಲ್ಲಿಸಬೇಕು. ಕೆಳಗಿನ ಅಂತಸ್ತಿನಲ್ಲೂ ಅದೇ ನೇರಕ್ಕೆ ಆಧಾರ ಬೇಕು, ಇಲ್ಲದಿದ್ದರೆ ಮೇಲಿನ ಭಾರ ಕೆಳಗಿನವರ ತಲೆಗೆ. ತೆಗೆದ ಮಣ್ಣನ್ನು ಮಾಳಿಗೆಯ ಮೇಲೆಯೇ ಒಂದು ಮೂಲೆಗೆ ಗುಡ್ಡೆ ಹಾಕಬಾರದು. ಕೊಳೆತ ತುದಿಯನ್ನು ಗಟ್ಟಿ ಕಟ್ಟಿಗೆ ಸಿಗುವವರೆಗೆ ಕತ್ತರಿಸಿ, ಎರಡೂ ಮಗ್ಗುಲಿಗೆ ಹೊಸ ತುಂಡು ಜೋಡಿಸಿ ಬೋಲ್ಟು ಬಿಗಿಯುತ್ತಾರೆ. ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಜಂತಿಯನ್ನೇ ಬದಲಿಸುವುದು ಅಗ್ಗ. ಹೊಸ ತಲೆಯನ್ನು ಕಲ್ಲಿನ ಮೇಲೆ ಕೂರಿಸಿ ಸುತ್ತ ಬೆರಳು ಆಡುವಷ್ಟು ಸಂದು ಬಿಡಬೇಕು. ಇದನ್ನು ಗೌಂಡಿಗಳಿಗೆ ಒತ್ತಿ ಹೇಳದಿದ್ದರೆ ಕೈ ಚುರುಕಿನಲ್ಲಿ ಸಿಮೆಂಟು ತುಂಬಿಬಿಡುತ್ತಾರೆ.

ದುರ್ಗದಬೈಲಿನಂಥ ಹಳೆ ಪೇಟೆಯಲ್ಲಿ ಇನ್ನೊಂದು ತೊಡಕಿದೆ: ಎರಡು ಮನೆಗೆ ಒಂದೇ ಗೋಡೆ. ಒಬ್ಬರು ಮನೆ ಕೆಡವಿ ಅಂಗಡಿ ಸಾಲು ಎಬ್ಬಿಸಲು ಹೊರಟರೆ, ಪಕ್ಕದವರ ಜಂತಿಯ ತಲೆ ಹೂತಿರುವ ಮಣ್ಣಿನ ಗೋಡೆ ಮಳೆಗೆ ಬಯಲಾಗುತ್ತದೆ. ಬಾಡಿಗೆದಾರರಿದ್ದರೆ ಖರ್ಚು ಯಾರದೆಂಬ ತಕರಾರು ಮುಗಿಯುವಷ್ಟರಲ್ಲಿ ಮತ್ತೊಂದು ಮಳೆಗಾಲ ಬಂದಿರುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ಧಾರವಾಡ ಜಿಲ್ಲೆಯಲ್ಲಿ ಬಿದ್ದ ಮಣ್ಣಿನ ಮನೆಗಳು ಬಹಳ. ಹಾಗೆಂದು ಹಳೆಯದೆಲ್ಲ ಬೀಳುವಂಥದು, ಹೊಸದೆಲ್ಲ ನಿಲ್ಲುವಂಥದು ಎಂದಲ್ಲ. ಅದೇ ವರ್ಷ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದು 19 ಜನರನ್ನು ಬಲಿ ತೆಗೆದುಕೊಂಡದ್ದು ಇನ್ನೂ ಕಟ್ಟಿ ಮುಗಿಯದ ಕಾಂಕ್ರೀಟು ಕಟ್ಟಡ.

ಮಾಳಿಗೆ ಕೆಲಸಕ್ಕೆ ತಕ್ಕ ಕಾಲ ಬೇಸಿಗೆ. ಕಟ್ಟಿಗೆ ಒಣಗಿರುತ್ತದೆ, ಬಿರುಕುಗಳು ಬಾಯಿ ತೆರೆದು ಕಾಣುತ್ತವೆ. ಮುಂಗಾರಿಗೆ ಮುಂಚೆ ಕರಲು ಮಣ್ಣನ್ನು ತೆಳುವಾಗಿ ಬಡಿದು, ಕೊಳವೆಯ ಕಡೆಗೆ ಇಳಿಜಾರು ಕೊಟ್ಟು, ಕೊಳವೆಯ ಬಾಯಿ ಗೋಡೆಯಿಂದ ಒಂದಡಿಯಾದರೂ ಮುಂದೆ ಚಾಚುವಂತೆ ಮಾಡಬೇಕು. ಅರಳಿ ಸಸಿಯನ್ನು ಬರಿದೇ ಕತ್ತರಿಸಿದರೆ ಸಾಲದು, ಬೇರುಸಹಿತ ಕೀಳಬೇಕು. ಕತ್ತರಿಸಿದ್ದು ಮರುವರ್ಷ ಎರಡಾಗಿ ಚಿಗುರುತ್ತದೆ.