ತೇಪೆಯ ಅರ್ಥಶಾಸ್ತ್ರ

ಅಮೆರಿಕಕ್ಕೆ ಹೋಗಿಬರುವ ನನ್ನ ವಯಸ್ಸಿನ ನಿವೃತ್ತರು ಸಾಮಾನ್ಯವಾಗಿ ನಯಾಗರ ಜಲಪಾತವನ್ನೂ ನ್ಯೂಯಾರ್ಕಿನ ಗಗನಚುಂಬಿಗಳನ್ನೂ ಕಂಡು ಬರುತ್ತಾರೆ. ಅಲ್ಲಿ ನಾನು ನೋಡಿದ ಊರುಗಳ ಪೈಕಿ ಮನಸ್ಸಿನಲ್ಲಿ ಹೆಚ್ಚು ಉಳಿದಿರುವುದು ಹ್ಯಾಮಿಲ್ಟನ್. ಮಿಸೌರಿ ರಾಜ್ಯದ ವಾಯವ್ಯ ಭಾಗದಲ್ಲಿ, ಕ್ಯಾನ್ಸಸ್ ಸಿಟಿಯಿಂದ ಕಾರಿನಲ್ಲಿ ಒಂದು ಗಂಟೆಗೂ ತುಸು ಹೆಚ್ಚಿನ ದೂರದಲ್ಲಿ, ಮೆಕ್ಕೆಜೋಳ ಮತ್ತು ಸೋಯಾ ಹೊಲಗಳ ನಡುವೆ ಇರುವ ಈ ಊರಿನ ಜನಸಂಖ್ಯೆ 2 ಸಾವಿರವನ್ನೂ ಮುಟ್ಟುವುದಿಲ್ಲ. ಅಂಥ ಊರಿನ ಮುಖ್ಯಬೀದಿಯಲ್ಲಿ ಒಂದರ ಪಕ್ಕ ಒಂದರಂತೆ ಹತ್ತಾರು ಅಂಗಡಿಗಳು ಒಂದೇ ಕಸುಬಿನ ಸಾಮಗ್ರಿಯನ್ನು ಮಾರುತ್ತವೆ. ಆ ಕಸುಬು ಕ್ವಿಲ್ಟ್ ಹೊಲಿಯುವುದು. ಉತ್ತರ ಕರ್ನಾಟಕದ ಓದುಗರಿಗೆ ಹೆಚ್ಚಿನ ವಿವರಣೆ ಬೇಡ. ಅದು ನಮ್ಮ ಕೌದಿ.

ಹ್ಯಾಮಿಲ್ಟನ್ನಿಗೆ ವ್ಯಾಪಾರದ ಇತಿಹಾಸವೊಂದಿದೆ. ಒಂದು ಕಾಲದಲ್ಲಿ ಅಮೆರಿಕದ ಊರೂರಿನಲ್ಲಿಯೂ ಜವಳಿ ಮಳಿಗೆ ತೆರೆದ ಜೆ.ಸಿ. ಪೆನ್ನಿ 1875ರಲ್ಲಿ ಹುಟ್ಟಿದ್ದು ಇಲ್ಲಿಯೇ. ತನ್ನ 500ನೇ ಮಳಿಗೆಯನ್ನು ಆತ 1924ರಲ್ಲಿ ಹುಟ್ಟೂರಿನಲ್ಲಿಯೇ ತೆರೆದ. ಮುಂದೆ ದೊಡ್ಡ ಪೇಟೆಗಳು ಗ್ರಾಹಕರನ್ನು ಸೆಳೆದುಕೊಂಡವು, ಮಧ್ಯ ಅಮೆರಿಕದ ನೂರಾರು ಸಣ್ಣ ಊರುಗಳಂತೆ ಇದೂ ಬಡವಾಯಿತು. 2008ರಲ್ಲಿ, ಆರ್ಥಿಕ ಹಿಂಜರಿತದ ನಡುವೆಯೇ, ಡೋನ್ ಎಂಬ ಕುಟುಂಬ ಇಲ್ಲಿ ‘ಮಿಸೌರಿ ಸ್ಟಾರ್’ ಎಂಬ ಕ್ವಿಲ್ಟ್ ಅಂಗಡಿಯನ್ನು ತೆರೆಯಿತು. ತಾಯಿ ಜೆನ್ನಿ ಡೋನ್ ಹೊಲಿಗೆಯ ಪಾಠಗಳನ್ನು ಯೂಟ್ಯೂಬಿನಲ್ಲಿ ಉಚಿತವಾಗಿ ಹೇಳಿಕೊಡತೊಡಗಿದರು. ಪಾಠ ನೋಡಿದವರು ಬಟ್ಟೆಯನ್ನು ಅಂಚೆಯಲ್ಲಿ ತರಿಸಿಕೊಂಡರು; ಬಳಿಕ ಊರನ್ನೇ ನೋಡಲು ಬಂದರು.

ಈ ಅಂಗಡಿಗಳ ವ್ಯವಸ್ಥೆಯನ್ನು ಗಮನಿಸಬೇಕು. ಹೂವಿನ ಅಚ್ಚಿನ ಬಟ್ಟೆಗೆ ಒಂದು, ಮಕ್ಕಳ ಬಟ್ಟೆಗೆ ಒಂದು, ಹಬ್ಬದ ಬಟ್ಟೆಗೆ ಮತ್ತೊಂದು ಎಂದು ಬೇರೆ ಬೇರೆ ಮಳಿಗೆಗಳಿವೆ. ಹೀಗಾಗಿ ಗ್ರಾಹಕರು ಇಡೀ ಬೀದಿಯನ್ನು ನಡೆಯಲೇಬೇಕು, ನಡೆದವರಿಗೆ ಹಸಿವಾಗಲೇಬೇಕು. ಪಕ್ಕದಲ್ಲಿಯೇ ಊಟದ ಮನೆಗಳಿವೆ. ಹೆಂಡತಿಯರು ಬಟ್ಟೆ ಆರಿಸುವಷ್ಟು ಹೊತ್ತು ಗಂಡಂದಿರು ಒರಗುಕುರ್ಚಿಗಳಲ್ಲಿ ಬಿದ್ದುಕೊಂಡು ದೂರದರ್ಶನ ನೋಡಲು ಪ್ರತ್ಯೇಕ ಕೊಠಡಿಯೇ ಇದೆ. ನಾನೂ ಅಲ್ಲಿ ಅರ್ಧ ತಾಸು ಕುಳಿತಿದ್ದೆ. ಧಾರವಾಡದ ಕಡೆಯವಳಾದ ನನ್ನ ಪತ್ನಿ ಮಾತ್ರ ಪ್ರದರ್ಶನಕ್ಕೆ ತೂಗುಹಾಕಿದ್ದ ಪ್ರತಿಯೊಂದು ಕ್ವಿಲ್ಟನ್ನೂ ತಿರುವಿ ಹಿಂಬದಿಯನ್ನು ನೋಡುತ್ತಿದ್ದಳು. ಕೌದಿಯ ಯೋಗ್ಯತೆ ತಿಳಿಯುವುದು ಅದರ ಬೆನ್ನಿನ ಹೊಲಿಗೆಯಿಂದ ಎಂಬುದು ಅವಳ ತವರಿನವರ ಮಾತು.

ಅಂಗಡಿಯ ಕಪಾಟುಗಳಲ್ಲಿ ಹೆಚ್ಚಾಗಿ ಇರುವುದು ಮೊದಲೇ ಕತ್ತರಿಸಿಟ್ಟ ಬಟ್ಟೆ: 5 ಅಂಗುಲದ ಚೌಕಗಳು, 10 ಅಂಗುಲದ ಚೌಕಗಳು, ಎರಡೂವರೆ ಅಂಗುಲದ ಪಟ್ಟಿಗಳ ಸುರುಳಿ. ಇದೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಸ್ವಲ್ಪ ದೂರದಲ್ಲಿರುವ ಚಿಲಿಕಾಥಿ ಎಂಬ ಊರಿನ ಬೇಕರಿಯಲ್ಲಿ, ಯಂತ್ರದಿಂದ ಹೋಳು ಮಾಡಿದ ಬ್ರೆಡ್ 1928ರಲ್ಲಿ ಮೊದಲ ಬಾರಿಗೆ ಮಾರಾಟವಾಯಿತು. ಬೇಸರದ ಕೆಲಸವನ್ನು ಮೊದಲೇ ಮಾಡಿಕೊಟ್ಟು ಅದಕ್ಕೆ ಬೆಲೆ ಪಡೆಯುವ ಜಾಣ್ಮೆ ಈ ಸೀಮೆಗೆ ಹೊಸದಲ್ಲ.

ಇನ್ನು ಲೆಕ್ಕ. ಒಂದು ದೊಡ್ಡ ಹಾಸಿಗೆಯ ಕ್ವಿಲ್ಟಿಗೆ ಕನಿಷ್ಠ ನೂರು ಗಂಟೆಯ ದುಡಿಮೆ ಎಂದಿಟ್ಟುಕೊಳ್ಳೋಣ. ಅಮೆರಿಕದ ಒಕ್ಕೂಟ ಸರ್ಕಾರ 2009ರಲ್ಲಿ ನಿಗದಿಪಡಿಸಿದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಅದರಂತೆ ಕೂಲಿಯೇ 725 ಡಾಲರ್; ಬಟ್ಟೆ, ನೂಲಿನ ವೆಚ್ಚ ಬೇರೆ. ಕಾರ್ಖಾನೆಯಲ್ಲಿ ತಯಾರಾದ ಹೊದಿಕೆ ಇದರ ಹತ್ತನೇ ಒಂದು ಭಾಗಕ್ಕೆ ಸಿಗುವಾಗ ಇಷ್ಟು ಕೊಡುವವರು ವಿರಳ. ಆದ್ದರಿಂದಲೇ ಹ್ಯಾಮಿಲ್ಟನ್ ಬದುಕುತ್ತಿರುವುದು ಸಿದ್ಧ ಕ್ವಿಲ್ಟುಗಳ ಮಾರಾಟದಿಂದಲ್ಲ. ಅದು ಮಾರುವುದು ಬಟ್ಟೆಯನ್ನು, ಸಲಕರಣೆಯನ್ನು, ಸಹವಾಸವನ್ನು, ಹೊಲಿಯುವ ಸಂತೋಷವನ್ನು. ಅಲ್ಲಿ ಹೊಲಿಯುವವಳೇ ಗ್ರಾಹಕಳು. ತನ್ನ ಶ್ರಮಕ್ಕೆ ಕೂಲಿ ಪಡೆಯುವ ಬದಲು ಆಕೆ ಆ ಶ್ರಮಕ್ಕಾಗಿ ತಾನೇ ಹಣ ತೆರುತ್ತಾಳೆ.

ನಮ್ಮಲ್ಲಿ ಕೌದಿಯ ಕಥೆ ತದ್ವಿರುದ್ಧ. ಸವೆದ ಸೀರೆ, ಧೋತರ, ಅಂಗಿಗಳನ್ನು ಪದರಪದರವಾಗಿ ಹಾಸಿ, ದಪ್ಪ ನೂಲಿನಿಂದ ಸಾಲುಸಾಲಾಗಿ ಪೋಣಿಸಿ ಹೊಲಿಯುವುದು ಬಡತನದ ಮಿತವ್ಯಯವಾಗಿತ್ತು. ಮನೆಯ ಹೆಂಗಸರು ಬಿಡುವಿನಲ್ಲಿ ಹೊಲಿಯುತ್ತಿದ್ದರು, ಇಲ್ಲವೇ ಮನೆಮನೆಗೆ ಬರುವ ಹೆಂಗಸರಿಗೆ ಕಾಳುಕಡಿ ಕೊಟ್ಟು ಹೊಲಿಸುತ್ತಿದ್ದರು. ಅವರ ಗಂಟೆಗಳನ್ನು ಯಾರೂ ಎಣಿಸಲಿಲ್ಲ. ಆ ಜಾಗಕ್ಕೆ ಈಗ ಅಗ್ಗದ ಕಂಬಳಿ ಬಂದಿದೆ. ಪಾಶ್ಚಾತ್ಯ ದೇಶಗಳವರು ಬಳಸಿ ಬಿಸಾಡಿದ ಉಣ್ಣೆಬಟ್ಟೆಯನ್ನು ಹರಿಯಾಣದ ಪಾಣಿಪತ್ತಿನಲ್ಲಿ ಚಿಂದಿ ಮಾಡಿ, ಮತ್ತೆ ನೂಲು ತೆಗೆದು ಕಂಬಳಿ ನೇಯುವ ಉದ್ಯಮ ದಶಕಗಳಿಂದ ನಡೆದಿದೆ. ವಿಪರ್ಯಾಸವನ್ನು ನೋಡಿ: ಅವರ ಹಳೆಯ ಬಟ್ಟೆ ನಮ್ಮ ದೇಶಕ್ಕೆ ಬಂದು ಕಂಬಳಿಯಾಗುತ್ತದೆ, ಅಲ್ಲಿ ಹೊಸ ಬಟ್ಟೆಯನ್ನೇ ತುಂಡರಿಸಿ ತೇಪೆ ಹೊಲಿಯುತ್ತಾರೆ.

ಆದರೆ ಕೌದಿ ಕೇವಲ ಹೊದಿಕೆಯಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರು ಇದನ್ನು ಕವಂದಿ ಎನ್ನುತ್ತಾರೆ. ಆಫ್ರಿಕಾ ಮೂಲದ ಈ ಸಮುದಾಯಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಹೊರ ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುಭಾಗಕ್ಕೆ ಹೊಲಿದು ಮುಗಿಸುವುದು ಅವರ ಕ್ರಮ. ಮೂಲೆಗಳಲ್ಲಿ ಮಡಚಿದ ಬಟ್ಟೆಯ ‘ಫುಲಾ’ ಇಲ್ಲದೆ ಕವಂದಿ ಪೂರ್ಣವಾಗದು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಆಸಕ್ತಿಯಿಂದ ಈ ಕವಂದಿಗಳು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಪ್ರದರ್ಶನಗೊಂಡವು. ನಮ್ಮ ನಗರಗಳ ವಿದ್ಯಾವಂತರಲ್ಲಿ ಎಷ್ಟು ಜನ ಒಂದಾದರೂ ಕವಂದಿಯನ್ನು ಕೈಯಲ್ಲಿ ಹಿಡಿದು ನೋಡಿದ್ದಾರೆ?

ಸರ್ಕಾರಿ ಸೇವೆಯಲ್ಲಿ ನಾನು ಕಂಡ ಕರಕುಶಲ ಯೋಜನೆಗಳ ದಾರಿ ಬಹುಮಟ್ಟಿಗೆ ಒಂದೇ: ತರಬೇತಿ ಶಿಬಿರ, ಹೊಲಿಗೆ ಯಂತ್ರದ ವಿತರಣೆ, ಪ್ರಮಾಣಪತ್ರ, ವರ್ಷಕ್ಕೊಂದು ಮೇಳ. ತಲೆಮಾರುಗಳಿಂದ ಹೊಲಿಯುತ್ತ ಬಂದವಳಿಗೆ ಹೊಲಿಗೆಯ ತರಬೇತಿ ಕೊಡುವುದೆಂದರೆ ಮೀನಿಗೆ ಈಜು ಕಲಿಸಿದಂತೆ. ಆಕೆಗೆ ಬೇಕಾದದ್ದು ಮಾರುಕಟ್ಟೆ. ಹಾಗೆಂದು ಹ್ಯಾಮಿಲ್ಟನ್ನನ್ನು ಹಾಗೆಯೇ ನಕಲು ಮಾಡಲಾಗದು. ಅಲ್ಲಿನ ಗ್ರಾಹಕರಿಗೆ ಬಿಡುವೂ ಇದೆ, ಪಿಂಚಣಿಯೂ ಇದೆ. ಹಳಿಯಾಳದ ಮಹಿಳೆಗೆ ಎರಡೂ ಇಲ್ಲ. ಒಂದೇ ಉದ್ಯಮವನ್ನು ನೆಚ್ಚಿದ ಊರಿನ ಅಪಾಯವನ್ನೂ ಮರೆಯುವಂತಿಲ್ಲ. ಪೆನ್ನಿಯ ಆ ಬೃಹತ್ ಸಂಸ್ಥೆಯೇ 2020ರಲ್ಲಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೊಕ್ಕಿತು.

ಆದರೂ ಮೂರು ಸಂಗತಿಗಳನ್ನು ನಾವು ಕಲಿಯಬಹುದು. ಮೊದಲನೆಯದು, ಕೌದಿಯನ್ನು ಕಂಬಳಿಯ ಬೆಲೆಯೊಂದಿಗೆ ಸ್ಪರ್ಧೆಗೆ ಇಳಿಸಬಾರದು. ಅದರಲ್ಲಿ ಸೋಲು ಖಚಿತ. ಪ್ರತಿ ಕೌದಿಯ ಮೇಲೆ ಹೊಲಿದವಳ ಹೆಸರು ಮತ್ತು ಅವಳು ವ್ಯಯಿಸಿದ ಗಂಟೆಗಳ ಸಂಖ್ಯೆ ಇರಲಿ. ಸರ್ಕಾರಿ ಮಳಿಗೆಗಳು ಕೊಳ್ಳುವಾಗ ಆ ಗಂಟೆಗಳಿಗೆ ಕನಿಷ್ಠ ಕೂಲಿಯನ್ನಾದರೂ ಲೆಕ್ಕ ಹಾಕಲಿ. ಎರಡನೆಯದು, ವಸ್ತುವಿನ ಜೊತೆಗೆ ವಿದ್ಯೆಗೂ ಬೆಲೆಯಿದೆ. ದಾಂಡೇಲಿಗೆ, ಯಲ್ಲಾಪುರಕ್ಕೆ ಬರುವ ಪ್ರವಾಸಿಗರು ಶುಲ್ಕ ಕೊಟ್ಟು ಒಂದು ಮಧ್ಯಾಹ್ನ ಕವಂದಿ ಕಲಿಯುವಂತಾದರೆ ಸಿದ್ದಿ ಮಹಿಳೆ ಫಲಾನುಭವಿಯಾಗಿ ಉಳಿಯದೆ ಗುರುವಾಗುತ್ತಾಳೆ. ಮೂರನೆಯದು, ರಾಜಧಾನಿಯ ಮೇಳಕ್ಕೆ ಕೌದಿಯನ್ನು ಹೊತ್ತು ತರುವ ಬದಲು ಗ್ರಾಹಕರೇ ಕೌದಿಯ ಊರಿಗೆ ಬರಬೇಕು. ಆಗ ಚಹದಂಗಡಿಯವನಿಗೂ ಆಟೋದವನಿಗೂ ನಾಲ್ಕು ಕಾಸು ದಕ್ಕುತ್ತದೆ.

ರಾಷ್ಟ್ರೀಯ ಆದಾಯದ ಲೆಕ್ಕಪತ್ರದಲ್ಲಿ ಅಜ್ಜಿ ಮೊಮ್ಮಗುವಿಗೆ ಹೊಲಿದ ಕೌದಿಗೆ ಸ್ಥಾನವಿಲ್ಲ. ಅಂಗಡಿಯಲ್ಲಿ ಕೊಂಡ ಪಾಲಿಯೆಸ್ಟರ್ ಹೊದಿಕೆಗೆ ಇದೆ. ಈ ಲೆಕ್ಕವನ್ನು ಅರ್ಥಶಾಸ್ತ್ರಜ್ಞರು ಎಂದು ತಿದ್ದುತ್ತಾರೋ ಕಾಣೆ. ಅಷ್ಟರವರೆಗೆ ಕೊಳ್ಳುವವರಾದ ನಾವು ಮಾಡಬಹುದಾದದ್ದು ಸಣ್ಣದು: ಕೌದಿ ಹೊಲಿದವಳ ಮುಂದೆ ನಿಂತಾಗ ಚೌಕಾಸಿ ಮಾಡುವ ಮೊದಲು, ಎಷ್ಟು ದಿನ ಹಿಡಿಯಿತು ಎಂದು ಕೇಳುವುದು.